ಜೇಬಿನ ಪಿಸ್ತೂಲು ಕೈಕೊಟ್ಟಾಗ

1974ರ ಮಾರ್ಚ್ 20, ರಾತ್ರಿ ಎಂಟರ ಸುಮಾರು. ಲಂಡನ್ನಿನ ದಿ ಮಾಲ್ ರಸ್ತೆಯಲ್ಲಿ, ಬಕಿಂಗ್‌ಹ್ಯಾಮ್ ಅರಮನೆ ಇನ್ನೇನು ಬಂತು ಅನ್ನುವಷ್ಟರಲ್ಲಿ, ಬಿಳಿ ಬಣ್ಣದ ಫೋರ್ಡ್ ಎಸ್ಕಾರ್ಟ್ ಕಾರೊಂದು ರಾಜಕುಮಾರಿ ಆ್ಯನ್ ಅವರ ಕಾರಿಗೆ ಅಡ್ಡ ಬಂದು ನಿಂತಿತು. ಯಾರೋ ತಲೆಕೆಟ್ಟ ಡ್ರೈವರ್ ಇರಬೇಕು ಅಂದುಕೊಂಡು ವಿಚಾರಿಸಲು ಕೆಳಗಿಳಿದವರು ಅಂಗರಕ್ಷಕ ಇನ್ಸ್‌ಪೆಕ್ಟರ್ ಜಿಮ್ ಬೀಟನ್. ಎದುರಿಗೆ ಬಂದ ಇಯಾನ್ ಬಾಲ್ ಎಂಬವನು ಮಾತಿಲ್ಲದೆ ಗುಂಡು ಹಾರಿಸಿದ. ಅದು ಬೀಟನ್ ಅವರ ಭುಜಕ್ಕೆ ಬಿತ್ತು. ಅವರೂ ಕೋಟಿನೊಳಗಿಂದ ಪಿಸ್ತೂಲು ತೆಗೆದು ಒಂದು ಗುಂಡು ಹಾರಿಸಿದರು, ತಾಗಲಿಲ್ಲ. ಈ ಸಲ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಗುರಿಯಿಟ್ಟು ಟ್ರಿಗರ್ ಒತ್ತಿದರು. ಪಿಸ್ತೂಲು ಜಾಮ್ ಆಗಿತ್ತು.

ಮುಂದಿನ ಕೆಲವು ನಿಮಿಷ ಬೀಟನ್ ಬಳಿ ಉಳಿದ ಆಯುಧ ಅವರ ಮೈ ಒಂದೇ. ರಾಜಕುಮಾರಿಗೆ ಅಡ್ಡವಾಗಿ ಕೂತು, ಬಾಲ್‌ನ ಪಿಸ್ತೂಲಿನ ಬಾಯಿಗೇ ಕೈ ಒಡ್ಡಿದರು. ಗುಂಡು ಅಂಗೈಗೆ ಬಿತ್ತು. ಇನ್ನೊಂದು ಹೊಟ್ಟೆಗೆ ಬಿತ್ತು. ಕಾರಿನ ಚಾಲಕ, ಗಲಾಟೆ ಕೇಳಿ ಓಡಿಬಂದ ಕಾನ್ಸ್‌ಟೇಬಲ್, ಹತ್ತಿರದಲ್ಲಿದ್ದ ಒಬ್ಬ ಪತ್ರಕರ್ತ, ಹೀಗೆ ಇನ್ನೂ ಮೂವರು ಗುಂಡು ತಿಂದರು. ಕೊನೆಗೆ ಬಾಲ್‌ನ ತಲೆಗೆ ಬಲವಾಗಿ ಗುದ್ದಿ ಅವನ ಗಮನ ಕೆಡಿಸಿದವನು ದಾರಿಹೋಕನಾಗಿದ್ದ ರಾನಿ ರಸೆಲ್, ಹಿಂದೆ ಬಾಕ್ಸಿಂಗ್ ಆಡುತ್ತಿದ್ದವನು. ಆ ರಾತ್ರಿ ಯಾವ ದೋಷವೂ ಇಲ್ಲದೆ ಕೆಲಸ ಮಾಡಿದ್ದು ಅವನ ಮುಷ್ಟಿ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಬೀಟನ್ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕಗಳಲ್ಲಿ ಒಂದಾದ ಜಾರ್ಜ್ ಕ್ರಾಸ್ ಬಂತು. ಅವರ ಪಿಸ್ತೂಲಿಗೆ ಮಾತ್ರ ಆ ಕೆಲಸದಿಂದ ನಿವೃತ್ತಿ ಸಿಕ್ಕಿತು. ರಾಜಮನೆತನದ ಅಂಗರಕ್ಷಕರ ಕೈಗೆ ರಿವಾಲ್ವರ್ ಬಂತು.

ಆ ಪಿಸ್ತೂಲು ಅಂತಿಂಥದ್ದಲ್ಲ. ಜರ್ಮನಿಯ ವಾಲ್ಟರ್ ಕಂಪನಿ 1929ರಲ್ಲಿ ಹೊರತಂದ ಪಿಪಿ ಸರಣಿಯದು. ಅದೇ ಮನೆತನದ ಚಿಕ್ಕ ತಮ್ಮ ಪಿಪಿಕೆ ನಮಗೆಲ್ಲ ಪರಿಚಯ, ಜೇಮ್ಸ್ ಬಾಂಡ್ ಕೈಯಲ್ಲಿರುವುದು. ಬಾಂಡ್‌ಗೆ ಅದು ಸಿಕ್ಕಿದ್ದೂ ಹಳೆಯ ಪಿಸ್ತೂಲು ಕೈಕೊಟ್ಟದ್ದರಿಂದಲೇ.

ಇಯಾನ್ ಫ್ಲೆಮಿಂಗ್ ಬರೆದ ಮೊದಲ ಕಾದಂಬರಿಗಳಲ್ಲಿ ಬಾಂಡ್ ಇಟ್ಟುಕೊಳ್ಳುತ್ತಿದ್ದದ್ದು 0.25 ಅಂಗುಲದ ಪುಟಾಣಿ ಬೆರೆಟಾ. 1956ರಲ್ಲಿ ಗ್ಲಾಸ್ಗೋದಿಂದ ಜೆಫ್ರಿ ಬೂತ್‌ರಾಯ್ಡ್ ಎಂಬ ಬಂದೂಕು ತಜ್ಞರು ಲೇಖಕರಿಗೆ ಕಾಗದ ಬರೆದರು. ನಿಮ್ಮ ಗೂಢಚಾರನ ಬಗ್ಗೆ ತಕರಾರಿಲ್ಲ, ಅವನ ಪಿಸ್ತೂಲಿನ ಬಗ್ಗೆ ಇದೆ, ಅದು ಹೆಂಗಸರ ಪರ್ಸಿಗೆ ಸರಿ ಅನ್ನುವ ಅರ್ಥದ ಕಾಗದ. ಬದಲಿಗೆ ಅವರು ಸೂಚಿಸಿದ್ದು ರಿವಾಲ್ವರು, ಅದರಲ್ಲೂ ಬಟ್ಟೆಗೆ ಸಿಕ್ಕಿಕೊಳ್ಳುವಂಥ ಹೊರಚಾಚು ಇಲ್ಲದ ಸ್ಮಿತ್ ಅಂಡ್ ವೆಸನ್. ಆಟೋಮ್ಯಾಟಿಕ್ಕೇ ಬೇಕೆಂದರೆ ವಾಲ್ಟರ್ ನೋಡಿ ಎಂದರು. ಫ್ಲೆಮಿಂಗ್ ಸಲಹೆಯನ್ನು ಕತೆಯೊಳಗೇ ತಂದರು. 1957ರ ಕಾದಂಬರಿಯ ಕೊನೆಗೆ ಬೆರೆಟಾ ಬಾಂಡ್‌ನ ಬಟ್ಟೆಗೆ ಸಿಕ್ಕಿಕೊಂಡು ಅವನ ಜೀವಕ್ಕೇ ಸಂಚಕಾರ ತರುತ್ತದೆ. 1958ರ 'ಡಾಕ್ಟರ್ ನೋ'ದಲ್ಲಿ ಮೇಲಧಿಕಾರಿ ಅದನ್ನು ಕಿತ್ತುಕೊಂಡು ವಾಲ್ಟರ್ ಕೊಡಿಸುತ್ತಾನೆ. ಕೊಡುವ ಆಯುಧಗಾರನ ಹೆಸರು ಮೇಜರ್ ಬೂತ್‌ರಾಯ್ಡ್. ಅಲ್ಲಿ ರಿವಾಲ್ವರೂ ಒಂದು ಬರುತ್ತದೆ, ಆದರೆ ಓದುಗರ ನೆನಪಿನಲ್ಲಿ, ಆಮೇಲೆ ಪರದೆಯ ಮೇಲೆ, ಉಳಿದದ್ದು ವಾಲ್ಟರೇ. ಹದಿನಾರು ವರ್ಷದ ಮೇಲೆ ನಿಜವಾದ ಲಂಡನ್ನಿನಲ್ಲಿ ನಿಜವಾದ ವಾಲ್ಟರ್ ಕೈಕೊಟ್ಟಿತು. ಪೊಲೀಸರು ಗ್ಲಾಸ್ಗೋದ ಮನುಷ್ಯ ಮೊದಲೇ ಹೇಳಿದ್ದ ಜಾಗಕ್ಕೆ ಬಂದು ನಿಂತರು.

ಸಿನಿಮಾದ ಪಿಸ್ತೂಲು ಎಂದೂ ಜಾಮ್ ಆಗುವುದಿಲ್ಲ. ನಮ್ಮ ಕನ್ನಡ ಸಿನಿಮಾಗಳಲ್ಲಂತೂ ಗುಂಡು ಮುಗಿಯುವುದೂ ಇಲ್ಲ. ಹಾಗಾಗಿ ಚಿಕ್ಕ ಪಿಸ್ತೂಲು ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಿವಾಲ್ವರ್ ಒಂದು ರೀತಿಯಲ್ಲಿ ದಡ್ಡ ಯಂತ್ರ. ಐದಾರು ಗೂಡುಗಳಿರುವ ಉರುಳೆ, ಪ್ರತಿ ಗೂಡಿನಲ್ಲೊಂದು ತೋಟಾ. ಉರುಳೆ ತಿರುಗುವುದು ನಿಮ್ಮ ಬೆರಳಿನ ಬಲದಿಂದ. ಒಂದು ತೋಟಾ ಠುಸ್ ಅಂದರೆ ಇನ್ನೊಮ್ಮೆ ಟ್ರಿಗರ್ ಎಳೆಯಿರಿ, ಮುಂದಿನ ಗೂಡು ಬರುತ್ತದೆ. ಆಟೋಮ್ಯಾಟಿಕ್ ಹಾಗಲ್ಲ. ಹಾರಿದ ಗುಂಡಿನ ಹಿಂದೊತ್ತಿಗೆ ಮೇಲಿನ ಲೋಹದ ಭಾಗ, ಅಂದರೆ ಸ್ಲೈಡು, ಹಿಂದೆ ಜಾರಬೇಕು. ಜಾರುತ್ತಾ ಖಾಲಿ ಕೊಳಪೆಯನ್ನು ಹೊರಗೆಸೆಯಬೇಕು. ಸ್ಪ್ರಿಂಗ್ ತಳ್ಳಿದಾಗ ಮುಂದೆ ಬರುತ್ತಾ ಮ್ಯಾಗಜೀನಿನಿಂದ ಹೊಸ ತೋಟಾವನ್ನು ಎತ್ತಿ ನಳಿಗೆಯೊಳಗೆ ಕೂರಿಸಬೇಕು. ಕಣ್ಣೆವೆ ಇಕ್ಕುವುದರೊಳಗೆ ಇಷ್ಟೂ ಆಗಬೇಕು. ಒಂದು ಗುಂಡಿನ ಕೆಲಸ ಮುಂದಿನ ಗುಂಡಿಗೆ ತಳಪಾಯ. ಮೊದಲನೆಯದು ಎಡವಿದರೆ ಎರಡನೆಯದು ಇಲ್ಲ.

ದೊಡ್ಡ ಪಿಸ್ತೂಲಿನಲ್ಲಿ ಈ ಓಡಾಟಕ್ಕೆ ಜಾಗ ಇರುತ್ತದೆ, ತೂಕ ಇರುತ್ತದೆ, ಸಣ್ಣಪುಟ್ಟ ತಪ್ಪನ್ನು ನುಂಗಿಕೊಳ್ಳುವ ಅವಕಾಶ ಇರುತ್ತದೆ. ಕೋಟಿನ ಕೆಳಗೆ ಉಬ್ಬು ಕಾಣಬಾರದು ಎಂದು ಅದನ್ನೇ ಕುಗ್ಗಿಸಿದರೆ ಸ್ಲೈಡು ಹಗುರಾಗುತ್ತದೆ, ಅದರ ದಾರಿ ಗಿಡ್ಡವಾಗುತ್ತದೆ. ಹಗುರಾದದ್ದು ವೇಗವಾಗಿ ಹಿಂದೆ ಮುಂದೆ ಆಡುತ್ತದೆ. ಆ ವೇಗಕ್ಕೆ ಸರಿಯಾಗಿ ಮ್ಯಾಗಜೀನಿನ ಸ್ಪ್ರಿಂಗು ಮುಂದಿನ ತೋಟಾವನ್ನು ಮೇಲೆ ಎತ್ತಿ ಕೊಡಬೇಕು. ಹಿಡಿಕೆ ಚಿಕ್ಕದು, ಎರಡು ಬೆರಳಿಗೆ ಸಾಕು, ಮೂರನೆಯದಕ್ಕೆ ಜಾಗ ಸಾಲದು. ಕೈ ಗಟ್ಟಿಯಾಗಿ ಆಧಾರ ಕೊಡದಿದ್ದರೆ ಇಡೀ ಪಿಸ್ತೂಲೇ ಹಿಂದಕ್ಕೆ ಸರಿದು ಸ್ಲೈಡಿನ ಪಯಣ ಅರ್ಧಕ್ಕೇ ನಿಲ್ಲುತ್ತದೆ. ಬೀಟನ್ ಮೊದಲ ಗುಂಡು ಹಾರಿಸಿದಾಗ ಅವರ ಭುಜಕ್ಕೆ ಆಗಲೇ ಗುಂಡು ಹೊಕ್ಕಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಇದರ ಮೇಲೆ ಜೇಬಿನ ಕಾಟ. ಜೇಬೆಂದರೆ ಬೆವರು, ಬಟ್ಟೆಯ ನಾರು, ಧೂಳು. ಹಾಕಿದ ಎಣ್ಣೆ ಅವನ್ನೆಲ್ಲ ಹೀರಿ ಜಿಡ್ಡಾಗುತ್ತದೆ. ಈ ಜಾತಿಯ ಆಯುಧವನ್ನು ಹೊರುವುದು ದಿನವೂ, ಹಾರಿಸುವುದು ಅಪರೂಪ. ನಮ್ಮ ಕಸುಬಿನವರಿಗೆ ಇದು ಹೊಸದಲ್ಲ. ವರ್ಷಗಟ್ಟಲೆ ದುಡ್ಡು ಕೊಟ್ಟು ಇನ್ನೊಂದು ಊರಿನಲ್ಲಿ ಬ್ಯಾಕಪ್ ಸರ್ವರ್ ಇಟ್ಟಿರುತ್ತೇವೆ. ಮುಖ್ಯ ಸರ್ವರ್ ಬಿದ್ದ ರಾತ್ರಿ ಅದನ್ನು ಎಬ್ಬಿಸಲು ಹೋದಾಗಷ್ಟೇ ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಎಂದು ತಿಳಿಯುತ್ತದೆ.

ಪಿಸ್ತೂಲಿನ ವಿಶ್ವಾಸಾರ್ಹತೆಯ ಲೆಕ್ಕವನ್ನು ಚರಿತ್ರೆಕಾರರು ಬಾಯ್ತುಂಬ ಹೇಳುವ ಪ್ರಸಂಗ ಇನ್ನೊಂದಿದೆ, ಇದಕ್ಕಿಂತ ಹಳೆಯದು. 1835ರ ಜನವರಿ 30ರಂದು ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಒಬ್ಬ ಸದಸ್ಯರ ಶವಸಂಸ್ಕಾರದ ಪ್ರಾರ್ಥನೆ ಮುಗಿಸಿ ಅಧ್ಯಕ್ಷ ಆಂಡ್ರೂ ಜಾಕ್ಸನ್ ಹೊರಬರುತ್ತಿದ್ದರು. ಕೆಲಸವಿಲ್ಲದೆ ಅಲೆಯುತ್ತಿದ್ದ, ತಾನು ಇಂಗ್ಲೆಂಡಿನ ದೊರೆ ಎಂದು ನಂಬಿದ್ದ ರಿಚರ್ಡ್ ಲಾರೆನ್ಸ್ ಎಂಬ ಪೇಂಟರ್ ಎದುರು ಬಂದು ಕೈಪಿಸ್ತೂಲು ಹಿಡಿದು ಟ್ರಿಗರ್ ಎಳೆದ. ಅದು ನಮ್ಮ ಮಲೆನಾಡಿನ ಕೇಪಿನ ಕೋವಿಯ ಪುಟ್ಟ ರೂಪ. ಕೇಪು ಸಿಡಿಯಿತು, ಈಡು ಹಾರಲಿಲ್ಲ. ಇನ್ನೊಂದು ಜೇಬಿನಿಂದ ಎರಡನೆಯದನ್ನು ತೆಗೆದ. ಅದರಲ್ಲೂ ಕೇಪು ಸಿಡಿಯಿತು, ಈಡು ಹಾರಲಿಲ್ಲ. ಅರವತ್ತೇಳರ ಮುದುಕ ಜಾಕ್ಸನ್ ಊರುಗೋಲು ಎತ್ತಿ ಅವನ ಮೇಲೇ ಏರಿಹೋದ. ಆಮೇಲೆ ಅವೇ ಎರಡು ಪಿಸ್ತೂಲುಗಳನ್ನು ತುಂಬಿ ಹಾರಿಸಿ ನೋಡಿದರೆ ಎರಡೂ ಸರಿಯಾಗಿ ಹಾರಿದವು!

ಎರಡೂ ಒಟ್ಟಿಗೆ ಕೈಕೊಡುವ ಸಾಧ್ಯತೆ 1,25,000ಕ್ಕೆ ಒಂದು ಎಂಬ ಲೆಕ್ಕ ಅಮೆರಿಕದ ಪುಸ್ತಕಗಳಲ್ಲಿ ಈಗಲೂ ಓಡಾಡುತ್ತಿದೆ. ದೈವವೇ ಜಾಕ್ಸನ್‌ನನ್ನು ಕಾಯಿತು ಎಂದು ಅಂದಿನವರು ನಂಬಿದರೆ, ಈ ಸಂಖ್ಯೆ ಆ ನಂಬಿಕೆಗೆ ಗಣಿತದ ಅಂಗಿ ತೊಡಿಸಿತು. ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ಅಲ್ಲಿ ನಡೆದಿರುವುದು ಗುಣಾಕಾರ. ಒಂದು ಪಿಸ್ತೂಲು ಸುಮಾರು 350ಕ್ಕೊಮ್ಮೆ ಕೈಕೊಡುತ್ತದೆ ಎಂದಿಟ್ಟುಕೊಂಡು ಅದನ್ನೇ ಅದರಿಂದ ಗುಣಿಸಿದರೆ ಹೆಚ್ಚುಕಮ್ಮಿ ಆ ಸಂಖ್ಯೆ ಬರುತ್ತದೆ. ಎರಡು ಘಟನೆಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಇಲ್ಲಿ ಪಿಸ್ತೂಲು ಎರಡಾದರೂ ಮದ್ದು ತುಂಬಿದ ಕೈ ಒಂದೇ, ಆ ದಿನದ ತೇವದ ಹವೆ ಒಂದೇ, ಇಟ್ಟುಕೊಂಡ ಮೈ ಒಂದೇ. ಮೊದಲನೆಯದರ ಮದ್ದು ತಂಡಿ ಹಿಡಿದಿದ್ದರೆ ಎರಡನೆಯದೂ ಹಿಡಿದಿರುವ ಸಂಭವವೇ ಹೆಚ್ಚು. ಒಂದೇ ಕಟ್ಟಡದ ಒಂದೇ ಕರೆಂಟ್ ಲೈನಿಗೆ ಎರಡು ಸರ್ವರ್ ಜೋಡಿಸಿ, ನಮ್ಮಲ್ಲಿ ಎರಡೆರಡು ಇವೆ ಎಂದು ಕ್ಲೈಂಟಿಗೆ ಹೇಳಿದ ಹಾಗೆ. ಜಾಕ್ಸನ್ ಉಳಿದದ್ದು ಅದೃಷ್ಟ ಹೌದು, ಆದರೆ ಅಷ್ಟು ದೊಡ್ಡ ಅದೃಷ್ಟ ಅಲ್ಲ.

ಆ ಕಾಲದವರಿಗೆ ಜೇಬಿನ ಪಿಸ್ತೂಲಿನ ಮೇಲೆ ಎಷ್ಟು ಭರವಸೆ ಇತ್ತು ಎಂಬುದಕ್ಕೆ ಅವರು ಅದನ್ನು ಜೋಡಿಯಾಗಿ ಕೊಳ್ಳುತ್ತಿದ್ದದ್ದೇ ಸಾಕ್ಷಿ. ಫಿಲಡೆಲ್ಫಿಯಾದ ಹೆನ್ರಿ ಡೆರಿಂಜರ್ ಮಾಡುತ್ತಿದ್ದ ಅಂಗೈಯಗಲದ ಪಿಸ್ತೂಲಿಗೆ ಒಂದೇ ಈಡು. 1865ರ ಏಪ್ರಿಲ್ 14ರಂದು ಲಿಂಕನ್‌ನನ್ನು ಕೊಂದದ್ದು ಅಂಥದ್ದೇ ಒಂದು. ಬೂತ್ ಅದರ ಜೊತೆಗೆ ಚೂರಿಯನ್ನೂ ತಂದಿದ್ದ. ಗುಂಡು ಹಾರಿದ ಮರುಕ್ಷಣ ಪಿಸ್ತೂಲು ಬಿಸಾಡಿ ಚೂರಿ ಹಿಡಿದ. ಹಿಂದಿನಿಂದ, ಕತ್ತಲ ಬಾಕ್ಸಿನೊಳಗೆ, ನಾಟಕದಲ್ಲಿ ಜನ ಗೊಳ್ಳೆಂದು ನಗುವ ಹೊತ್ತು ನೋಡಿಕೊಂಡು ಹಾರಿಸಿದ ಒಂದೇ ಗುಂಡು. ಅವನಿಗೆ ಎರಡನೆಯದು ಬೇಕಾಗಲಿಲ್ಲ.

ಲಾರೆನ್ಸ್‌ನ ತೇವ ಹಿಡಿದ ಮದ್ದಿಗೂ ಬೀಟನ್‌ರ ವಾಲ್ಟರಿಗೂ ನಡುವೆ ನಿಂತಿರುವ ಮನುಷ್ಯ ಜಾನ್ ಬ್ರೌನಿಂಗ್. ಅಮೆರಿಕದ ಯೂಟಾ ಪ್ರಾಂತದ ಆಗ್ಡನ್ ಊರಿನಲ್ಲಿ ಬಂದೂಕು ಮಾಡುವವನ ಮಗನಾಗಿ 1855ರಲ್ಲಿ ಹುಟ್ಟಿದವನು. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ ಅವನ ವಿನ್ಯಾಸ ಕೊಂಡು 1900ರ ಮಾದರಿಯ ಪಿಸ್ತೂಲನ್ನು ಮಾರುಕಟ್ಟೆಗೆ ಬಿಟ್ಟಿತು. ಜೇಬಿಗೆ ಇಳಿಯುವ ಆಟೋಮ್ಯಾಟಿಕ್ ಪಿಸ್ತೂಲು ಲಕ್ಷಗಟ್ಟಲೆ ಜನರ ಕೈಗೆ ಬಂದದ್ದು ಅಲ್ಲಿಂದ. ಫ್ರೆಂಚರಲ್ಲಿ ಬ್ರೌನಿಂಗ್ ಅನ್ನುವುದು ಪಿಸ್ತೂಲಿಗೇ ಹೆಸರಾಯಿತು, ನಮ್ಮಲ್ಲಿ ವನಸ್ಪತಿಗೆಲ್ಲ ಡಾಲ್ಡಾ ಎಂದ ಹಾಗೆ.

ಬ್ರೌನಿಂಗ್‌ನ ಜಾಣತನ ಇದ್ದದ್ದು ಬಿಟ್ಟುಕೊಡುವುದರಲ್ಲಿ. ಬಲವಾದ ತೋಟಾ ಹಾಕಿದರೆ ಸ್ಲೈಡನ್ನು ಆ ಕ್ಷಣಕ್ಕೆ ನಳಿಗೆಗೆ ಬಿಗಿದಿಡುವ ಬೀಗದ ಏರ್ಪಾಡು ಬೇಕು, ಅದರಿಂದ ಭಾಗಗಳೂ ಗಾತ್ರವೂ ಹೆಚ್ಚುತ್ತವೆ. ಅವನು ತೋಟಾವನ್ನೇ ಮೆತ್ತಗೆ ಮಾಡಿದ. ಅದು 7.65 ಮಿಲಿಮೀಟರಿನ ತೋಟಾ. ಬೀಗ ಬೇಡ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗೇ ಸಾಕು. ಭಾಗಗಳು ಕಡಿಮೆಯಾದಷ್ಟೂ ಕೆಡುವುದು ಕಡಿಮೆ. 1908ರಲ್ಲಿ ಅದೇ ತತ್ವಕ್ಕೆ ಒಪ್ಪುವ, ಸ್ವಲ್ಪ ದಪ್ಪನೆಯ 9 ಮಿಲಿಮೀಟರ್ ಶಾರ್ಟ್ ತೋಟಾ ಬಂತು. ಬೆರೆಟಾ, ವಾಲ್ಟರ್ ಎಲ್ಲರೂ ಮುಂದೆ ತುಳಿದದ್ದು ಇದೇ ದಾರಿ.

ಮೆತ್ತಗಿನ ಗುಂಡಿಗೆ ಅದರದೇ ತೊಂದರೆ. 1904ರ ಜೂನ್ 16ರಂದು ಹೆಲ್ಸಿಂಕಿಯಲ್ಲಿ ಫಿನ್ಲೆಂಡಿನ ಯುಜೆನ್ ಶೌಮನ್, ರಷ್ಯಾದ ಗವರ್ನರ್ ಜನರಲ್ ಬೊಬ್ರಿಕೋವ್ ಮೇಲೆ ಬ್ರೌನಿಂಗ್‌ನಿಂದ ಮೂರು ಗುಂಡು ಹಾರಿಸಿದ. ಎರಡು ಗುಂಡು ಗವರ್ನರನ ಎದೆಯ ಪದಕಗಳಿಗೆ ಬಡಿದು ಆಚೀಚೆ ಹಾರಿಹೋದವು. ಮೂರನೆಯದು ಬೆಲ್ಟಿನ ಬಕಲ್ಲಿಗೆ ಬಡಿದು ಹೊಟ್ಟೆ ಸೀಳಿತು. ಆತ ಸತ್ತ. ಯಂತ್ರ ಮೂರು ಸಲವೂ ಸರಿಯಾಗಿ ನಡೆಯಿತು, ಗುಂಡು ಮಾತ್ರ ತಗಡಿನ ಪದಕ ದಾಟಲು ಒದ್ದಾಡಿತು.

ಈ ಪಿಸ್ತೂಲು ನಮ್ಮ ನೆಲಕ್ಕೆ ಬಂದ ದಾರಿ ಪುಣೆ, ಮುಂಬೈ ಓದುಗರಿಗೆ ಗೊತ್ತಿರಬಹುದು. 1909ರಲ್ಲಿ ಲಂಡನ್ನಿನ ಇಂಡಿಯಾ ಹೌಸ್‌ನಿಂದ ಸಾವರ್ಕರ್ ಇಪ್ಪತ್ತು ಬ್ರೌನಿಂಗ್ ಪಿಸ್ತೂಲುಗಳನ್ನು ಚತುರ್ಭುಜ ಅಮೀನ್ ಎಂಬವರ ಪೆಟ್ಟಿಗೆಯ ಕಳ್ಳತಳದಲ್ಲಿ ಬಚ್ಚಿಟ್ಟು ಮುಂಬೈಗೆ ಕಳುಹಿಸಿದರು. ಇಪ್ಪತ್ತು ಪಿಸ್ತೂಲು ಪೆಟ್ಟಿಗೆಯ ತಳದಲ್ಲಿ ಅಡಗುತ್ತವೆ ಎಂಬುದೇ ಅದರ ಮಹಿಮೆ. ಇಪ್ಪತ್ತು ಕೋವಿ ಅಡಗಿಸಲು ಆಗುತ್ತಿತ್ತೇ? ಅದೇ ವರ್ಷ ಡಿಸೆಂಬರ್ 21ರಂದು ನಾಸಿಕ್‌ನ ವಿಜಯಾನಂದ ಥಿಯೇಟರಿನಲ್ಲಿ, ತನ್ನ ಬೀಳ್ಕೊಡುಗೆಗೆಂದು ಏರ್ಪಟ್ಟಿದ್ದ 'ಶಾರದಾ' ನಾಟಕ ನೋಡಲು ಬಂದ ಕಲೆಕ್ಟರ್ ಜಾಕ್ಸನ್‌ನನ್ನು ಅನಂತ ಕಾನ್ಹೆರೆ ಕೊಂದದ್ದು ಅವುಗಳಲ್ಲೊಂದರಿಂದ. ಎರಡು ತಿಂಗಳ ಹಿಂದೆ, ಅಕ್ಟೋಬರ್ 26ರಂದು, ಮಂಚೂರಿಯಾದ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯಾದ ಆನ್ ಜುಂಗ್-ಗುನ್ ಜಪಾನಿನ ಇಟೊ ಹಿರೊಬುಮಿಯನ್ನು ಕೊಂದಾಗಲೂ ಕೈಯಲ್ಲಿದ್ದದ್ದು ಬ್ರೌನಿಂಗ್. 1914ರ ಜೂನ್ 28ರ ಸರಾಯೆವೋ ಕತೆ ಎಲ್ಲರೂ ಶಾಲೆಯಲ್ಲೇ ಓದಿದ್ದೇವೆ. ಆ ಬೆಳಗ್ಗೆ ಬಾಂಬು ಗುರಿ ತಪ್ಪಿತು, ದಾರಿಯುದ್ದಕ್ಕೂ ನಿಂತಿದ್ದ ಕೆಲವರಿಗೆ ಕೈಯೇ ಏಳಲಿಲ್ಲ, ಡ್ರೈವರ್ ದಾರಿ ತಪ್ಪಿದ. ಅಷ್ಟೂ ಎಡವಟ್ಟುಗಳ ನಡುವೆ ತಪ್ಪದೆ ನಡೆದದ್ದು ಗವ್ರಿಲೋ ಪ್ರಿನ್ಸಿಪ್ ಕೈಯಲ್ಲಿದ್ದ, 19074 ಸಂಖ್ಯೆಯ, 9 ಮಿಲಿಮೀಟರ್ ಶಾರ್ಟ್ ತೋಟಾದ, 1910 ಮಾದರಿಯ ಬ್ರೌನಿಂಗ್ ಒಂದೇ. ಎರಡು ಗುಂಡು, ಎರಡು ಹೆಣ.

ಇವರಲ್ಲಿ ಯಾರು ಸರಿ ಯಾರು ತಪ್ಪು ಎಂಬುದು ಬೇರೆ ವಿಚಾರ. ನಾಸಿಕ್‌ನ ಹುಡುಗನನ್ನೂ ಹಾರ್ಬಿನ್‌ನ ಆನ್‌ನನ್ನೂ ಅವರವರ ನಾಡು ಹುತಾತ್ಮರೆಂದು ಪೂಜಿಸುತ್ತದೆ. ನಾನು ನೋಡುತ್ತಿರುವುದು ಆಯುಧಕ್ಕೂ ಹೊತ್ತಿಗೂ ಇರುವ ನಂಟು. ಈ ಎಲ್ಲ ಕಡೆ ಹಾರಿಸುವವನಿಗೆ ಹೊತ್ತು ಆರಿಸಿಕೊಳ್ಳುವ ಅವಕಾಶ ಇತ್ತು. ಪಿಸ್ತೂಲು ಒರೆಸಿ, ತೋಟಾ ನೋಡಿ, ಮೊದಲ ಗುಂಡನ್ನು ನಳಿಗೆಗೆ ಏರಿಸಿಕೊಂಡೇ ಬರಬಹುದು. ದೂರ ಕೆಲವು ಅಡಿ. ಕೆಲಸ ಎರಡು ಮೂರು ಸೆಕೆಂಡಿನದು. ಜೇಬಿನ ಪಿಸ್ತೂಲಿನ ಎಲ್ಲ ಕೊರತೆಗಳೂ ಅಲ್ಲಿ ಮುಚ್ಚಿಹೋಗುತ್ತವೆ, ಅಡಗಿಕೊಳ್ಳುವ ಅದರ ಒಂದೇ ಗುಣ ಎದ್ದು ನಿಲ್ಲುತ್ತದೆ. ಬೀಟನ್‌ಗೆ ಇದ್ಯಾವುದೂ ಇರಲಿಲ್ಲ. ಅವರ ಹೊತ್ತನ್ನು ಬೇರೆಯವನು ಆರಿಸಿದ್ದ.

ಹೊತ್ತು ಆರಿಸುವವನಿಗೆ ಇನ್ನೂ ಒಂದು ಅನುಕೂಲ ಇದೆ. ಸೋತರೆ ಮತ್ತೆ ಬರಬಹುದು. 1948ರ ಜನವರಿಯ ದಿಲ್ಲಿಯನ್ನು ನೋಡಿ. ಗಾಂಧಿಯವರನ್ನು ಕೊಲ್ಲುವ ಮೊದಲ ಯತ್ನ ನಡೆದದ್ದು 20ನೇ ತಾರೀಖು. ಆ ತಂಡದಲ್ಲಿ ದಿಗಂಬರ ಬಡ್ಗೆ ಎಂಬ, ಪುಣೆಯಲ್ಲಿ ಶಸ್ತ್ರಾಸ್ತ್ರ ಮಾರುತ್ತಿದ್ದವನೇ ಇದ್ದ. ಮುಂದೆ ಮಾಫಿ ಸಾಕ್ಷಿಯಾಗಿ ಅವನು ಹೇಳಿದ ಪ್ರಕಾರ, ಆ ದಿನ ಹಿಂದೂ ಮಹಾಸಭಾ ಭವನದ ಹಿಂದಿನ ಕುರುಚಲು ಕಾಡಿನಲ್ಲಿ ಅವರು ತಮ್ಮ ಎರಡು ರಿವಾಲ್ವರುಗಳನ್ನು ಪರೀಕ್ಷಿಸಿದರು. ಒಂದರ ತೋಟಾ ತುಂಬುವ ಭಾಗವೇ ಸರಿಯಾಗಿ ಆಡಲಿಲ್ಲ. ಇನ್ನೊಂದರಿಂದ ಹಾರಿದ ಗುಂಡು ಎದುರಿನ ಮರದವರೆಗೂ ಹೋಗಲಿಲ್ಲ. ರಿವಾಲ್ವರ್ ದಡ್ಡ ಯಂತ್ರ, ಕೈಕೊಡದು ಎಂದು ಮೇಲೆ ಹೇಳಿದ ಮಾತಿಗೆ ಇದೊಂದು ತಿದ್ದುಪಡಿ: ಹಳೆಯದಾದರೆ, ಹೊಂದದ ತೋಟಾ ತುಂಬಿದರೆ, ಅದೂ ಕಬ್ಬಿಣದ ತುಂಡೇ. ಕನಾಟ್ ಪ್ಲೇಸ್‌ನ ಮರೀನಾ ಹೋಟೆಲ್ಲಿನ ಕೋಣೆಯಲ್ಲಿ ಕೂತು ಗೋಪಾಲ ಗೋಡ್ಸೆ ಒಂದನ್ನು ರಿಪೇರಿ ಮಾಡಿದ. ಸಂಜೆ ಬಿರ್ಲಾ ಭವನದಲ್ಲಿ ಮದನಲಾಲ್ ಪಾಹ್ವಾ ಸ್ಫೋಟಕ ಸಿಡಿಸಿ ಸಿಕ್ಕಿಬಿದ್ದ; ಗುಂಡು ಹಾರಿಸಬೇಕಿದ್ದ ಬಡ್ಗೆ ಹಾರಿಸಲಿಲ್ಲ. ಉಳಿದವರು ಓಡಿಹೋದರು.

ಒಬ್ಬ ಸಿಕ್ಕಿದ್ದಾನೆ, ಮಾತಾಡುತ್ತಿದ್ದಾನೆ, ಆದರೂ ತಡೆಯಲಾಗಲಿಲ್ಲ ಎಂಬುದು ನಮ್ಮ ಪೊಲೀಸ್ ವ್ಯವಸ್ಥೆಯ ಕತೆ, ಅದರ ಮೇಲೆ ಆಯೋಗವೇ ಕೂತಿದೆ. ಕೊಲೆಗಾರರ ಕಡೆ ನೋಡಿದರೆ ಅವರು ಆ ಸೋಲಿನಿಂದ ಕಲಿತದ್ದು ಎರಡು. ಜನ ಕಡಿಮೆ ಇರಬೇಕು, ಪಿಸ್ತೂಲು ಒಳ್ಳೆಯದಿರಬೇಕು. ನಾಥೂರಾಮ ಗೋಡ್ಸೆ ಮತ್ತು ಆಪ್ಟೆ ಗ್ವಾಲಿಯರಿಗೆ ಹೋಗಿ ಬೆರೆಟಾ ಒಂದನ್ನು ಸಂಪಾದಿಸಿದರು. ಇಟಲಿಯ ಸೈನ್ಯಕ್ಕೆಂದು ಮಾಡಿದ 1934ರ ಮಾದರಿ, ಸಂಖ್ಯೆ 606824. ಸ್ಲೈಡಿನ ಮೇಲ್ಭಾಗ ತೆರೆದೇ ಇರುವುದರಿಂದ ಖಾಲಿ ಕೊಳಪೆ ಸಿಕ್ಕಿಕೊಳ್ಳಲು ಜಾಗವೇ ಕಡಿಮೆ. ಚಿಕ್ಕದಾದರೂ ಸೈನಿಕರ ಒರಟು ಬಳಕೆಗೆ ಒಗ್ಗಿದ ಪಿಸ್ತೂಲು. ತೋಟಾ ಸರಾಯೆವೋದ್ದೇ, ಬ್ರೌನಿಂಗ್‌ನ 9 ಮಿಲಿಮೀಟರ್ ಶಾರ್ಟ್. ಜನವರಿ 30, ಸಂಜೆ ಐದರ ಮೇಲೆ ಕೆಲವು ನಿಮಿಷ. ಪ್ರಾರ್ಥನೆಗೆ ಬರುವವರನ್ನು ತಪಾಸಣೆ ಮಾಡುವುದಕ್ಕೆ ಗಾಂಧಿ ಒಪ್ಪಿರಲಿಲ್ಲ. ಮೂರು ಸಲ ಟ್ರಿಗರ್, ಮೂರು ಗುಂಡು.

ವಾಷಿಂಗ್ಟನ್ನಿನಲ್ಲಿ ಲಾರೆನ್ಸ್‌ನ ಜೋಡಿ ಪಿಸ್ತೂಲು ಠುಸ್ ಎಂದದ್ದೂ ಜನವರಿ 30ರಂದೇ, 113 ವರ್ಷ ಹಿಂದೆ. ಕಾಕತಾಳೀಯ, ಅದಕ್ಕಿಂತ ಹೆಚ್ಚೇನಿಲ್ಲ. ಆದರೆ ಆ ನಡುವೆ ಯಂತ್ರ ಎಷ್ಟು ಸುಧಾರಿಸಿತು ಎಂಬುದನ್ನು ನೆನೆದಾಗ ಎಂಜಿನಿಯರಿಂಗ್ ಓದಿದವನಿಗೆ ಆಗಬೇಕಾದ ಹೆಮ್ಮೆ ಆಗುವುದಿಲ್ಲ.

ಹಾಗಾದರೆ ಕೊಲ್ಲಲೂ ಹೊರಡದ, ಯಾರನ್ನೂ ಕಾಯುವ ಕೆಲಸವೂ ಇಲ್ಲದ, ಮೇಜಿನ ಖಾನೆಯಲ್ಲಿ ಧೈರ್ಯಕ್ಕೆಂದು ಇಟ್ಟುಕೊಂಡವರಿಗೆ ಈ ಪಿಸ್ತೂಲು ಏನು ಕೊಟ್ಟಿತು? ಇದಕ್ಕೆ ಅಮೆರಿಕವೇ ಪ್ರಯೋಗಶಾಲೆ. 1968ರ ಕಾಯ್ದೆ ಅಗ್ಗದ ಚಿಕ್ಕ ಪಿಸ್ತೂಲುಗಳ ಆಮದಿಗೆ ಕಡಿವಾಣ ಹಾಕಿತು, ದೇಶದೊಳಗೆ ಮಾಡುವುದಕ್ಕೆ ಹಾಕಲಿಲ್ಲ. ಲಾಸ್ ಏಂಜಲೀಸ್ ಸುತ್ತಮುತ್ತ ಅಂಥ ಕಾರ್ಖಾನೆಗಳು ಎದ್ದವು. ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿದ ಅಗ್ಗದ ಪಿಸ್ತೂಲುಗಳು. ಮಿಕ್ಸಿ, ಇಸ್ತ್ರಿಪೆಟ್ಟಿಗೆ ಕೆಟ್ಟರೆ ವಾಪಸು ತರಿಸುವ ಅಧಿಕಾರ ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗಕ್ಕಿದೆ, ಬಂದೂಕಿನ ಮೇಲೆ ಮಾತ್ರ ಇಲ್ಲ. ಕಾಯ್ದೆಯೇ ಅದನ್ನು ಹೊರಗಿಟ್ಟಿದೆ.

ಆ ಕಾರ್ಖಾನೆಗಳಲ್ಲಿ ಬ್ರೈಕೋ ಎಂಬುದೊಂದು. ಅದರ 38 ಎಂಬ ಮಾದರಿಯಲ್ಲಿ ತೋಟಾ ತೆಗೆಯಬೇಕಾದರೆ ಮೊದಲು ಸೇಫ್ಟಿಯನ್ನು ಬಿಡಿಸಬೇಕಿತ್ತು. ಅಂದರೆ ಪಿಸ್ತೂಲು ಖಾಲಿ ಮಾಡುವ ಕ್ಷಣದಲ್ಲೇ ಅದು ಹಾರಲು ಸಿದ್ಧ. 1994ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಹಾಗೆ ಖಾಲಿ ಮಾಡಲು ಹೋದಾಗ ಗುಂಡು ಹಾರಿ ಏಳು ವರ್ಷದ ಹುಡುಗನ ಕುತ್ತಿಗೆಯ ಕೆಳಗೆ ಪೂರ್ತಿ ಸ್ವಾಧೀನ ತಪ್ಪಿತು. ಮೊಕದ್ದಮೆಯಲ್ಲಿ ಹುಡುಗನ ಪರ ವಕೀಲರ ವಾದ ಇದು: ಸೇಫ್ಟಿ ಹಾಕಿಕೊಂಡೇ ಸ್ಲೈಡು ಎಳೆದರೆ ಪಿಸ್ತೂಲು ಜಾಮ್ ಆಗುತ್ತಿತ್ತು, ಆ ದೋಷ ಸರಿಪಡಿಸುವ ಬದಲು ಕಂಪನಿ ಸೇಫ್ಟಿ ಬಿಡಿಸಿದರೆ ಮಾತ್ರ ಸ್ಲೈಡು ಆಡುವಂತೆ ವಿನ್ಯಾಸ ಬದಲಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಗ್ ತಿದ್ದಲಿಲ್ಲ, ಬಗ್ ಕಾಣದ ಹಾಗೆ ಸ್ಕ್ರೀನ್ ಬದಲಿಸಿದರು. 2003ರಲ್ಲಿ ಜ್ಯೂರಿ ಕಂಪನಿಯ ಕಡೆಯವರನ್ನು ಸುಮಾರು 2 ಕೋಟಿ 40 ಲಕ್ಷ ಡಾಲರಿಗೆ ಹೊಣೆ ಮಾಡಿತು. ಕಂಪನಿ ದಿವಾಳಿ ಅರ್ಜಿ ಹಾಕಿತು. ಜಾಮ್ ಆಗುವ ಪಿಸ್ತೂಲು ಅದರ ಒಡೆಯನಿಗಷ್ಟೇ ಅಪಾಯ ಎಂದುಕೊಂಡವರು ಈ ಪ್ರಕರಣ ಓದಬೇಕು.

ಅಷ್ಟರಲ್ಲಿ ಕ್ಯಾಲಿಫೋರ್ನಿಯಾ 1999ರಲ್ಲಿ ಒಂದು ಕಾಯ್ದೆ ತಂದಿತ್ತು, 2001ರಿಂದ ಜಾರಿ. ಮಾರಾಟಕ್ಕೆ ಬರುವ ಪ್ರತಿ ಕೈಪಿಸ್ತೂಲಿನ ಮಾದರಿಯಿಂದ ಮೂರು ಕೊಡಬೇಕು. ಒಂದೊಂದರಿಂದಲೂ 600 ಗುಂಡು ಹಾರಿಸುತ್ತಾರೆ. ಮೊದಲ 20ರಲ್ಲಿ ಒಂದೂ ಕೈಕೊಡಬಾರದು, ಒಟ್ಟು 600ರಲ್ಲಿ ಆರಕ್ಕಿಂತ ಹೆಚ್ಚು ಕೈಕೊಡಬಾರದು. ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೀಳಿಸಿದರೆ ತಾನಾಗಿ ಹಾರಬಾರದು. ನೂರಕ್ಕೆ ಒಂದು ತಪ್ಪಿಗೆ ಸರ್ಕಾರವೇ ಪಾಸ್ ಮಾರ್ಕು ಕೊಟ್ಟಂತೆ. ಕೇಳಲು ಚೆನ್ನಾಗಿದೆ. ಏಳು ತೋಟಾದ ಪುಟ್ಟ ಪಿಸ್ತೂಲಿಗೆ ಇದನ್ನೇ ಅನ್ವಯಿಸಿದರೆ, ಒಂದು ಮ್ಯಾಗಜೀನ್ ಮುಗಿಯುವುದರೊಳಗೆ ಒಮ್ಮೆಯಾದರೂ ಸಿಕ್ಕಿಕೊಳ್ಳುವ ಸಂಭವ ನೂರಕ್ಕೆ ಸುಮಾರು ಏಳು. ಇದೂ ಹೊಸ ಪಿಸ್ತೂಲು, ಒಳ್ಳೆಯ ತೋಟಾ, ನುರಿತ ಕೈ, ಬೆಳಕಿನ ಕೋಣೆ ಇದ್ದಾಗಿನ ಮಾತು.

ನಮ್ಮಲ್ಲೂ ಒಂದು ಪ್ರಯತ್ನ ನಡೆಯಿತು. 2012ರ ದಿಲ್ಲಿಯ ಅತ್ಯಾಚಾರ ಪ್ರಕರಣದ ನಂತರ, 2014ರಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೆಣ್ಣುಮಕ್ಕಳಿಗೆಂದು ಹೊರತಂದಿತು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ಬೆಲೆ 1 ಲಕ್ಷ 22 ಸಾವಿರ ರೂಪಾಯಿಯ ಮೇಲೆ. ಆಟೋಮ್ಯಾಟಿಕ್ ಬಿಟ್ಟು ರಿವಾಲ್ವರ್ ಆರಿಸಿದ್ದು ಸರಿಯೇ, ಬೂತ್‌ರಾಯ್ಡ್ ಕೂಡ ತಲೆಯಾಡಿಸುತ್ತಿದ್ದರು. ಆದರೆ ಪರ್ಸಿನ ತಳದಲ್ಲಿ, ಮೊಬೈಲ್ ಚಾರ್ಜರು, ನೀರಿನ ಬಾಟಲಿಯ ಕೆಳಗೆ ಬಿದ್ದಿರುವ ಅರ್ಧ ಕಿಲೋ ಲೋಹ, ಬಸ್ಸಿನಲ್ಲಿ ಹಿಂದಿನಿಂದ ಕೈ ಹಾಕಿದವನು ಆರಿಸಿದ ಹೊತ್ತಿಗೆ ಹೊರಗೆ ಬರುತ್ತದೆಯೇ? ಮಾಲ್ ರಸ್ತೆಯಲ್ಲಿ ತರಬೇತಾದ ಇನ್ಸ್‌ಪೆಕ್ಟರಿಗೇ ಸಿಕ್ಕದ ಆ ಎರಡು ಸೆಕೆಂಡು, ಮಾರತಹಳ್ಳಿ ಬ್ರಿಡ್ಜ್ ಕೆಳಗೆ ರಾತ್ರಿ ಹತ್ತಕ್ಕೆ ಕ್ಯಾಬ್ ಕಾಯುವ ಹುಡುಗಿಗೆ ಯಾರು ಕೊಡುತ್ತಾರೆ?

ಬ್ರೌನಿಂಗ್ ಮೆತ್ತಗೆ ಮಾಡಿದ 7.65ರ ಅಳತೆ ನಮ್ಮ ನಾಡಿಗೂ ಬಂತು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರ ಮನೆಗೆ ಬಂದವರ ಬಳಿ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರ ಮನೆಯ ಮುಂದೆ ನಿಂತವರ ಬಳಿ ಇದ್ದದ್ದು 7.65 ಮಿಲಿಮೀಟರಿನ ನಾಡಪಿಸ್ತೂಲು. ಗುಂಡು, ಕೊಳಪೆಗಳ ಮೇಲಿನ ಗುರುತು ಹೋಲಿಸಿದ ವಿಧಿವಿಜ್ಞಾನ ವರದಿಯ ಪ್ರಕಾರ ಎರಡೂ ಕಡೆ ಬಳಕೆಯಾದದ್ದು ಒಂದೇ ಪಿಸ್ತೂಲು. ಕಾರ್ಖಾನೆಯ ಮುದ್ರೆಯಿಲ್ಲದ, ಯಾವ ಪರೀಕ್ಷೆಗೂ ಕೂರದ ಆಯುಧ. ಎರಡು ವರ್ಷದ ಅಂತರದಲ್ಲಿ, ಎರಡು ಊರುಗಳಲ್ಲಿ, ಅದು ಹಾರಿಸಬೇಕಾದ ಗುಂಡುಗಳು ಬೆರಳೆಣಿಕೆಯವು. ಮನೆಯ ಬಾಗಿಲು ತೆರೆಯುವ ಹೊತ್ತು, ಗೇಟಿನ ಬಳಿ ಕಾರು ನಿಲ್ಲಿಸಿ ಇಳಿಯುವ ಹೊತ್ತು ಅವರಿಗೆ ಮೊದಲೇ ಗೊತ್ತಿತ್ತು.